ಕೂಸಿನ ತಾಯಿಗೆ ಕಾಯಕವೂ ವಿದ್ಯೆಯೂ

(ಶ್ರಾವಣಮಾಸದ ಪ್ರವಚನಮಾಲೆಯಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆಯವರೆಗೆ ಅಷ್ಟಾವರಣದ ವಿಷಯ ನಡೆದು ಬಂದಿತು. ಕ್ರಮದಂತೆ ಇಂದು ಪಾದೋದಕದ ವಿಚಾರವನ್ನು ಎತ್ತಿಕೊಳ್ಳಬೇಕಾಗಿತ್ತು. ಅದನ್ನು ನಾಳೆಗೆ ಇರಿಸಿದ್ದೇವೆ. ಕಾರಣವೇನೆಂದರೆ, ಮಠದ ವಿದ್ಯಾರ್ಥಿನಿಲಯದ ಮಗ್ಗುಲಲ್ಲಿರುವ ಎರಡು ಅಂಕಣದ ಕೋಣೆಯನ್ನು ಎಳೆಯ ಕೂಸುಗಳಿಗಾಗಿ ಬಿಟ್ಟುಕೊಡಬೇಕೆಂದು ನಾವು ಹೇಳಿದ ಮೇಲೆ ಊರಲ್ಲಿ ನಾಲ್ಕಾರು ಬಗೆಯ ಮಾತು ಹುಟ್ಟಿದೆ. ಹಿಂದೆ ನಿಂತು ಆಡುವ ಮಾತಿಗೆ ಮುಂದೆ ಕುಳಿತು ಉತ್ತರ ಹೇಳುವುದು ಗುರುಪೀಠದ ಕರ್ತವ್ಯ. ಆದುದರಿಂದ ಇಂದಿನ ವಿಷಯ ಇದೇ ಆಗಲಿ: ಗಂಡನಿಲ್ಲದ, ಇಲ್ಲವೇ ಗಂಡನು ಕೈಬಿಟ್ಟ, ಬಗಲಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು ಕೂಸು ಇರುವ ಹೆಣ್ಣುಮಗಳು ಮರಳಿ ಓದಿಗೆ ಅಥವಾ ದುಡಿಮೆಗೆ ಹೊರಡಬೇಕಾದರೆ ಧರ್ಮವು ಆಕೆಗೆ ಏನು ಹೇಳುತ್ತದೆ? ಅದಕ್ಕಿಂತ ಮುಖ್ಯವಾಗಿ, ಆಕೆಯ ಸುತ್ತ ಇರುವ ನಮಗೆ ಏನು ಹೇಳುತ್ತದೆ?

ಮೊದಲು ಒಂದು ಹಳೆಯ ಕಥೆ. ಛಾಂದೋಗ್ಯೋಪನಿಷತ್ತಿನ ನಾಲ್ಕನೆಯ ಅಧ್ಯಾಯದಲ್ಲಿ ಸತ್ಯಕಾಮನೆಂಬ ಬಾಲಕನ ಕಥೆ ಬರುತ್ತದೆ. ಅವನು ಗುರುಕುಲಕ್ಕೆ ಹೋಗಬೇಕೆಂದು ತಾಯಿಯನ್ನು ತನ್ನ ಗೋತ್ರ ಯಾವುದೆಂದು ಕೇಳಿದನು. ತಾಯಿ ಜಬಾಲೆ ಮುಚ್ಚುಮರೆ ಮಾಡಲಿಲ್ಲ. ತಾನು ಯೌವನದಲ್ಲಿ ಸೇವೆಯಲ್ಲಿ ತೊಡಗಿ ಓಡಾಡುತ್ತಿದ್ದಾಗ ನಿನ್ನನ್ನು ಪಡೆದೆ, ಗೋತ್ರ ಯಾವುದೆಂದು ಅರಿಯೆ, ನನ್ನ ಹೆಸರು ಜಬಾಲೆ, ನಿನ್ನ ಹೆಸರು ಸತ್ಯಕಾಮ, ಆದುದರಿಂದ ನೀನು ಸತ್ಯಕಾಮ ಜಾಬಾಲನೆಂದೇ ಹೇಳಿಕೋ ಎಂದಳು. ಹುಡುಗನು ಹಾರಿದ್ರುಮತ ಗೌತಮನ ಬಳಿಗೆ ಹೋಗಿ ತಾಯಿ ಹೇಳಿದುದನ್ನು ಇದ್ದಂತೆಯೇ ಹೇಳಿದನು. ಸತ್ಯವನ್ನು ಬಿಡದ ಇಂಥವನು ವಿದ್ಯೆಗೆ ಅರ್ಹನೆಂದು ಗುರುವು ಅವನನ್ನು ಸ್ವೀಕರಿಸಿದನು. ಈ ಕಥೆಯನ್ನು ನೀವು ಅನೇಕ ಬಾರಿ ಕೇಳಿದ್ದೀರಿ. ಪ್ರವಚನಕಾರರೆಲ್ಲರೂ ಇಲ್ಲಿ ಹುಡುಗನ ಸತ್ಯವನ್ನು ಹೊಗಳಿ ಮುಂದಕ್ಕೆ ಹೋಗಿಬಿಡುತ್ತಾರೆ. ತಾಯಿಯ ಬಳಿ ನಿಲ್ಲುವವರು ಕಡಿಮೆ.

ಶಂಕರಾಚಾರ್ಯರು ತಮ್ಮ ಭಾಷ್ಯದಲ್ಲಿ ಅಲ್ಲಿ ಒಂದು ಕ್ಷಣ ನಿಂತಿದ್ದಾರೆ. ಗಂಡನ ಮನೆಯಲ್ಲಿ ಅತಿಥಿಗಳ ಸೇವೆಯ ಗಡಿಬಿಡಿಯಲ್ಲಿ ಆಕೆಗೆ ಗೋತ್ರ ಕೇಳಲು ಹೊತ್ತಾಗಲಿಲ್ಲ, ಮಗನು ಹುಟ್ಟಿದ ಆ ಕಾಲಕ್ಕೇ ಗಂಡನು ತೀರಿಕೊಂಡನು, ಆಕೆ ಅನಾಥೆಯಾದಳು ಎಂಬುದು ಅವರು ಮಾಡಿದ ಅರ್ಥ. ಅಂದರೆ ಭಾಷ್ಯದ ಪ್ರಕಾರ ಜಬಾಲೆಯು ಎಳೆಗೂಸಿನ ವಿಧವೆ. ಪಾಠಶಾಲೆಯಲ್ಲಿ ಈ ಪಾಠ ನಡೆದಾಗ ನಮ್ಮ ಗುರುಗಳು ವ್ಯಾಕರಣವನ್ನೇ ಬಹಳ ಹೇಳಿದರು. ಇಂದು ನಮಗೆ ಬೇರೆ ಪ್ರಶ್ನೆ ಬರುತ್ತದೆ. ಆಕೆ ದುಡಿಯುವಾಗ ಸತ್ಯಕಾಮನು ಎಲ್ಲಿದ್ದನು? ಅವನಿಗೆ ಹಸಿವಾದರೆ ಯಾರು ಉಣ್ಣಿಸುತ್ತಿದ್ದರು? ಬಾವಿಯ ಕಟ್ಟೆಯ ಬಳಿ ಅಂಬೆಗಾಲಿಟ್ಟು ಹೋದರೆ ಯಾರು ಹಿಡಿಯುತ್ತಿದ್ದರು? ಉಪನಿಷತ್ತು ಅದನ್ನು ಹೇಳುವುದಿಲ್ಲ. ಯಾರೋ ನೋಡಿಕೊಂಡಿರಲೇಬೇಕು, ಇಲ್ಲವಾದರೆ ಬ್ರಹ್ಮವಿದ್ಯೆಗೆ ಸತ್ಯಕಾಮ ಜಾಬಾಲನೆಂಬ ಶಿಷ್ಯನು ಸಿಗುತ್ತಿರಲಿಲ್ಲ. ಆ ಯಾರೋ ಒಬ್ಬರ ಹೆಸರು ಶಾಸ್ತ್ರದಲ್ಲಿ ಉಳಿದಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ತಾಲೂಕುಗಳು 1997 ರಲ್ಲಿ ರಾಯಚೂರಿನಿಂದ ಬೇರೆಯಾಗಿ ಒಂದು ಜಿಲ್ಲೆಯಾದವು. ಈಚೆಗೆ ಕುಕನೂರು, ಕಾರಟಗಿ, ಕನಕಗಿರಿ ಕೂಡ ತಾಲೂಕುಗಳಾಗಿವೆ. 2011 ರ ಜನಗಣತಿಯಲ್ಲಿ ಈ ಜಿಲ್ಲೆಯ ಹೆಣ್ಣುಮಕ್ಕಳಲ್ಲಿ ಓದುಬರಹ ಬಲ್ಲವರು ನೂರಕ್ಕೆ 57 ಮಾತ್ರ. ಹದಿನೆಂಟು ತುಂಬುವ ಮೊದಲೇ ಮದುವೆ ಮಾಡುವ ಚಾಳಿ ನಮ್ಮಲ್ಲಿ ಇನ್ನೂ ಹೋಗಿಲ್ಲ. ಕಾನೂನಿಗೆ ಅಂಜಿ ಮಠದ ಸಾಮೂಹಿಕ ವಿವಾಹಕ್ಕೆ ಬಾರದೆ, ಗುಡಿಯಲ್ಲಿ ಗುಟ್ಟಾಗಿ ತಾಳಿ ಕಟ್ಟಿಸುವವರು ಯಾರೆಂದು ನಮಗೂ ಗೊತ್ತು, ನಿಮಗೂ ಗೊತ್ತು. ಹದಿನೇಳಕ್ಕೆ ಮದುವೆ, ಹತ್ತೊಂಬತ್ತಕ್ಕೆ ಒಂದು, ಇಪ್ಪತ್ತೊಂದಕ್ಕೆ ಇನ್ನೊಂದು. ಅಷ್ಟರಲ್ಲಿ ಗಂಡನು ಕುಡಿತಕ್ಕೋ ಬೈಕಿನ ಅಪಘಾತಕ್ಕೋ ಹೋಗಿಬಿಟ್ಟರೆ ಇಪ್ಪತ್ತೆರಡನೆಯ ವಯಸ್ಸಿಗೆ ಆ ಹುಡುಗಿಯ ಬಾಳು ಮುಗಿಯಿತೆಂದು ನಾವೇ ತೀರ್ಪು ಕೊಟ್ಟುಬಿಡುತ್ತೇವೆ.

ದುಡಿಮೆಯಾದರೂ ಎಂಥದು ನೋಡಿರಿ. ಕುಷ್ಟಗಿ ಕಡೆಗೆ ಬೀಜೋತ್ಪಾದನೆಯ ಪ್ಲಾಟುಗಳಿವೆ. ಹತ್ತಿಯ ಹೂವಿನ ಗಂಡುಭಾಗವನ್ನು ಇಂದು ಸಂಜೆ ಉಗುರಿನಿಂದ ತೆಗೆದರೆ ನಾಳೆ ಮುಂಜಾನೆ ಬೇರೆ ಹೂವಿನ ಪರಾಗವನ್ನು ಮುಟ್ಟಿಸಲೇಬೇಕು. ಅದನ್ನು ಕ್ರಾಸಿಂಗ್ ಎನ್ನುತ್ತೀರಿ. ಕೂಸಿಗೆ ಜ್ವರ ಬಂದಿದೆ, ನಾಡಿದ್ದು ಬರುತ್ತೇನೆಂದರೆ ಹೂವು ಕಾಯುವುದಿಲ್ಲ, ಹೂವು ಕಾಯದಿದ್ದರೆ ಮಾಲೀಕನೂ ಕಾಯುವುದಿಲ್ಲ. ಗಂಗಾವತಿ, ಕಾರಟಗಿಯ ಎಡದಂಡೆ ಕಾಲುವೆಯ ಕೆಳಗೆ ಭತ್ತದ ನಾಟಿಯ ಹಂಗಾಮಿನಲ್ಲಿ ಹೆಣ್ಣಾಳುಗಳನ್ನು ಟಂಟಂ ಗಾಡಿಯಲ್ಲಿ ತುಂಬಿಕೊಂಡು ನಸುಕಿನಲ್ಲಿಯೇ ಒಯ್ಯುತ್ತಾರೆ. ಯಲಬುರ್ಗಾದ ಎರೆಹೊಲಗಳಲ್ಲಿ ಮಳೆ ಹೋದ ವರುಷ ಗುಳೆ. ಬೆಂಗಳೂರಿನ ಕಟ್ಟಡದ ಬುಡದಲ್ಲಿ ಮರಳಿನ ರಾಶಿಯೇ ಕೂಸಿನ ಹಾಸಿಗೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಕೂದಲು ಬಿಡಿಸಿ ಹಸನು ಮಾಡುವ ಕೆಲಸವಿದೆ. ಮನೆಯಲ್ಲಿಯೇ ಕುಳಿತು ಮಾಡಬಹುದೆಂಬ ಅನುಕೂಲ ಅದಕ್ಕಿದೆ, ಆದರೆ ಮಗುವಿನ ಕೈಗೂ ಬಾಯಿಗೂ ಆ ಕೂದಲೇ. ಭಾನಾಪುರದ ಬಳಿ ಆಟಿಕೆಯ ಕಾರ್ಖಾನೆಗಳು ಬಂದಿವೆ, ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಬಹಳ ಮಂದಿ ಅಲ್ಲಿಗೆ ಹೋಗುತ್ತಾರೆ. ಪರದೇಶದ ಮಕ್ಕಳು ಆಡುವ ಗೊಂಬೆ ಇಲ್ಲಿ ತಯಾರಾಗುತ್ತದೆ. ಅದನ್ನು ತಯಾರಿಸುವವಳ ಮಗು ಹಗಲೆಲ್ಲ ಯಾರ ಕೂಡ ಆಡುತ್ತದೆಂದು ಕೇಳಿದರೆ ಅಜ್ಜಿಯಿದ್ದ ಮನೆಯಲ್ಲಿ ಉತ್ತರವುಂಟು, ಅಜ್ಜಿಯಿಲ್ಲದ ಮನೆಯಲ್ಲಿ ಇಲ್ಲ.

ಕುಷ್ಟಗಿ ತಾಲೂಕಿನ ಅಂಥ ಒಬ್ಬ ಹೆಣ್ಣುಮಗಳು ಕಳೆದ ವೈಶಾಖದಲ್ಲಿ ಮಠಕ್ಕೆ ಬಂದಿದ್ದಳು. ಹೆಸರು ಬೇಡ. ಪಿ.ಯು.ಸಿ.ಯನ್ನು ಒಳ್ಳೆಯ ಗುಣಗಳಿಂದ ಮುಗಿಸಿದವಳು. ಮೂರು ವರುಷದ್ದೊಂದು, ಒಂದೂವರೆ ವರುಷದ್ದೊಂದು. ಎಲ್ಲರೂ ಬಂದಂತೆ ತಾಯಿತ ಕೇಳಲಿಕ್ಕೆ ಬಂದಳೇನೋ ಎಂದುಕೊಂಡೆವು. ಆಕೆ ಕೇಳಿದ್ದು ಬೇರೆ. "ಅಜ್ಜಾರ, ನರ್ಸಿಂಗ್ ಕಲೀಬೇಕಂತ ಮಾಡೀನ್ರಿ. ಕಲಿಯೋದು ನಾ ಕಲೀತೀನಿ. ಈ ಕೂಸುಗಳ್ನ ಹಗಲೊತ್ತು ಎಲ್ಲಿಡಲ್ರಿ, ಅಷ್ಟ ಹೇಳ್ರಿ" ಎಂದಳು. ನಾವು ವಿಭೂತಿ ಕೊಟ್ಟೆವು, ಶಿವನು ಒಳ್ಳೆಯದು ಮಾಡಲಿ ಎಂದೆವು. ಆದರೆ ವಿಭೂತಿಯು ಆ ಪ್ರಶ್ನೆಗೆ ಉತ್ತರವಲ್ಲವಷ್ಟೆ. ಆಕೆ ಕೇಳಿದ್ದು ಒಂದು ಜಾಗ. ಆ ರಾತ್ರಿಯೇ ಕೋಠಿಯವರನ್ನು ಕರೆಸಿ ಕೋಣೆಯ ವಿಚಾರ ಆಡಿದೆವು.

ಅಂಗನವಾಡಿ ಇಲ್ಲವೇ ಎಂದು ಕೇಳುವಿರಿ. ಉಂಟು, ಮತ್ತು ಅದು ಸಣ್ಣ ಕೆಲಸವಲ್ಲ. 1975 ರ ಗಾಂಧೀ ಜಯಂತಿಯಂದು ದೇಶದ 33 ಕಡೆಗಳಲ್ಲಿ ಆ ಯೋಜನೆ ಮೊದಲಾಯಿತು, ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರದಲ್ಲಿ. ಇಂದು ಅಂಗನವಾಡಿ ಇಲ್ಲದ ಹಳ್ಳಿ ಅಪರೂಪ. ಆದರೆ ಅಲ್ಲಿ ಮಗುವನ್ನು ಕೂಡಿಸಿಕೊಳ್ಳುವುದು ಮೂರು ವರುಷ ತುಂಬಿದ ಮೇಲೆ. ಅದಕ್ಕಿಂತ ಸಣ್ಣ ಕೂಸಿಗೆ ಆಹಾರದ ಪೊಟ್ಟಣ ಮನೆಗೆ ಬರುತ್ತದೆ, ಕೂಸು ಮಾತ್ರ ಮನೆಯಲ್ಲಿಯೇ ಇರಬೇಕು. ಆರು ತಿಂಗಳವರೆಗೆ ತಾಯಿಯ ಹಾಲೊಂದೇ ಆಹಾರ, ಆಗ ತಾಯಿ ಹತ್ತಿರವಿರತಕ್ಕದ್ದೇ. ಆರು ತಿಂಗಳಿಂದ ಮೂರು ವರುಷದವರೆಗಿನ ಈ ಎರಡೂವರೆ ವರುಷವೇ ಕಂದಕ. ಓದು ಬಿಟ್ಟ ಹುಡುಗಿಯರು ಬೀಳುವುದು ಇದರಲ್ಲಿ. ಮೇಲಾಗಿ ಅಂಗನವಾಡಿಯ ಬಾಗಿಲು ತೆರೆಯುವ ಹೊತ್ತಿಗೆ ನಾಟಿಯ ಗಾಡಿ ಹೋಗಿ ಎರಡು ತಾಸು ಆಗಿರುತ್ತದೆ.

ಸರಕಾರವು 2023 ರಲ್ಲಿ ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 4000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯಲು ಹೊರಟಿತು. ಹೆಸರಂತೂ ಬಹಳ ಚೆನ್ನಾಗಿದೆ. ಅದಕ್ಕೂ ಮೊದಲು, 2005 ರ ಉದ್ಯೋಗ ಖಾತರಿ ಕಾಯ್ದೆಯಲ್ಲಿಯೇ, ಕೆಲಸದ ಜಾಗದಲ್ಲಿ ಆರು ವರುಷದೊಳಗಿನ ಐದು ಮಕ್ಕಳಿದ್ದರೆ ಅವರನ್ನು ನೋಡಿಕೊಳ್ಳಲು ಒಬ್ಬಾಕೆಯನ್ನು ನೇಮಿಸಿ ಆಕೆಗೂ ಕೂಲಿ ಕೊಡಬೇಕೆಂದು ಬರೆದಿತ್ತು. ಇನ್ನೂ ಹಿಂದೆ ಹೋದರೆ 1969 ರಲ್ಲಿ ದಿಲ್ಲಿಯ ರಾಜಘಾಟದ ಬಳಿ, ಗಾಂಧೀಜಿಯವರ ಜನ್ಮಶತಾಬ್ದಿಗಾಗಿ ಕಟ್ಟಡ ಕಟ್ಟುತ್ತಿದ್ದ ಕೂಲಿಕಾರರ ಕೂಸುಗಳು ಧೂಳಿನಲ್ಲಿ ಬಿದ್ದಿದ್ದನ್ನು ಕಂಡು ಮೀರಾ ಮಹಾದೇವನ್ ಎಂಬ ತಾಯಿಯು ಅಲ್ಲಿಯೇ ಒಂದು ಡೇರೆ ಹಾಕಿಸಿ ಕೂಸುಗಳನ್ನು ಕೂಡಿಸಿಕೊಂಡಳು. ಅದೇ ಮುಂದೆ ಮೊಬೈಲ್ ಕ್ರೆಷಸ್ ಎಂಬ ಸಂಸ್ಥೆಯಾಯಿತು. ನಮ್ಮ ಗುಳೆಯ ಜನರಂಥವರಿಗಾಗಿಯೇ ಹುಟ್ಟಿದ ಕೆಲಸ ಅದು. ಇಂಥದು ಇಲ್ಲದಿದ್ದಾಗ ಏನಾಗುತ್ತದೆಂಬುದಕ್ಕೆ ಮುಂಬಯಿಯ ಹತ್ತಿ ಗಿರಣಿಗಳ ಹಳೆಯ ಕಾಲದ ವರದಿಗಳನ್ನು ಓದಿದರೆ ಕರುಳು ಕಿತ್ತು ಬರುತ್ತದೆ. ದುಡಿಯಲು ಹೋಗುವ ತಾಯಂದಿರು ಕೂಸು ಅಳದಿರಲೆಂದು ಅಫೀಮಿನ ಸಣ್ಣ ಗುಳಿಗೆ ನುಂಗಿಸುತ್ತಿದ್ದರು. ಅದಕ್ಕೆ ಬಾಲಗೋಲಿ ಎಂಬ ಹೆಸರು. ಆ ತಾಯಂದಿರು ಕ್ರೂರಿಗಳೇ? ಅಲ್ಲ. ಅವರ ಕೈಗೆ ತೊಟ್ಟಿಲನ್ನು ಯಾರೂ ಕೊಡಲಿಲ್ಲ, ಗುಳಿಗೆಯನ್ನು ಅಂಗಡಿಯವನು ಕೊಟ್ಟನು.

ಇನ್ನು ಆಕ್ಷೇಪಣೆಗಳ ವಿಚಾರ. ಮಠದ ಹಿರಿಯ ಭಕ್ತರೊಬ್ಬರು, ನಮ್ಮ ಮೇಲೆ ಬಹಳ ಪ್ರೀತಿಯುಳ್ಳವರು, ಮೊನ್ನೆ ಹೇಳಿದರು: "ಅಜ್ಜಾರ, ಕೂಸಿನ ಬಿಟ್ಟು ಕಾಲೇಜಿಗೆ ಹೋಗೋ ತಾಯಿ ತಾಯೇನ್ರಿ? ಕೂಸು ಬಿಟ್ಟ ತಾಯಿಗೆ ಪಾಪ ಬರೂದಿಲ್ಲೇನ್ರಿ?" ನಾವು ಅವರನ್ನು ಕೇಳಿದೆವು: ನಿಮ್ಮ ಹೊಲದಲ್ಲಿ ಕಳೆ ತೆಗೆಯಲು ಬರುವ ಹೆಣ್ಣಾಳುಗಳಲ್ಲಿ ಕೂಸಿನ ತಾಯಂದಿರು ಎಷ್ಟು ಮಂದಿ? ನಾಲ್ವರು ಎಂದರು. ಕೂಸುಗಳು ಎಲ್ಲಿರುತ್ತವೆ? ಬದುವಿನ ಬೇವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿರುತ್ತಾರೆ. ತಾಯಿ ಎಷ್ಟು ದೂರವಿರುತ್ತಾಳೆ? ಸಾಲು ಹಿಡಿದು ಹೋದರೆ ಎರಡು ಎಕರೆಯ ಆಚೆ. ಇದು ನಿಮಗೆ ಪಾಪವೆಂದು ಎಂದಾದರೂ ಅನಿಸಿತೇ? ಅವರು ಸುಮ್ಮನಾದರು. ಈ ಮಾತನ್ನು ನೀವೆಲ್ಲರೂ ಸ್ವಲ್ಪ ಮನಸ್ಸಿಗೆ ತಂದುಕೊಳ್ಳಬೇಕು. ಕೈಯಲ್ಲಿ ಕುರುಪಿ ಹಿಡಿದ ತಾಯಿ ಕೂಸನ್ನು ಬಿಟ್ಟರೆ ಯಾರಿಗೂ ಪಾಪ ಕಾಣುವುದಿಲ್ಲ. ಅದೇ ತಾಯಿ ಪುಸ್ತಕ ಹಿಡಿದು ಕೂಸನ್ನು ಬಿಟ್ಟರೆ ಪಾಪ ಕಾಣುತ್ತದೆ. ಹಾಗಾದರೆ ನಮ್ಮ ಕಣ್ಣು ಕುಕ್ಕುತ್ತಿರುವುದು ಕೂಸಿನ ಅಳುವೋ, ತಾಯಿಯ ಪುಸ್ತಕವೋ?

ಇದೇ ಸಂದರ್ಭದಲ್ಲಿ ಗಂಡಸರ ವಿಷಯವನ್ನೂ ಹೇಳಿಬಿಡುತ್ತೇವೆ. ಹೆಂಡತಿ ತೀರಿಕೊಂಡು ಕೂಸು ಉಳಿದರೆ ಆ ಗಂಡಸಿಗೆ ನೀನು ಕೆಲಸ ಬಿಡು ಎಂದು ಯಾರಾದರೂ ಹೇಳುತ್ತಾರೆಯೇ? ವರುಷ ತುಂಬುವುದರೊಳಗೆ ಕೂಸಿನ ನೆಪ ಹೇಳಿ ಹೆಣ್ಣು ನೋಡುತ್ತಾರೆ. ಹೆಣ್ಣಿಗೂ ನಮ್ಮ ಕಡೆಗೆ ಉಡಿಕೆ ಎಂಬ ಪದ್ಧತಿಯುಂಟು, ಅದು ನಮ್ಮ ಸಮಾಜದ ಒಳ್ಳೆಯತನ. ಆದರೆ ಉಡಿಕೆಯಾಗಿ ಹೋಗುವವಳು ಮೊದಲನೆಯವನ ಕೂಸುಗಳನ್ನು ಅವನ ಮನೆಯವರಿಗೆ ಒಪ್ಪಿಸಿ ಹೋಗಬೇಕೆಂಬುದು ಎಷ್ಟೋ ಕಡೆಗೆ ರೂಢಿ. ಕೂಸುಗಳು ಬೇಕೆಂದರೆ ಉಡಿಕೆಯಿಲ್ಲ, ಉಡಿಕೆ ಬೇಕೆಂದರೆ ಕೂಸುಗಳಿಲ್ಲ. ಇಂಥ ಕಟ್ಟಳೆಯ ನಡುವೆ ಒಬ್ಬಳು ತಾನೇ ಓದಿ, ತಾನೇ ಗಳಿಸಿ, ತನ್ನ ಕೂಸುಗಳನ್ನು ತಾನೇ ಸಾಕುವೆನೆಂದರೆ ಆಕೆಯನ್ನು ಉಡಾಳಿ ಎನ್ನುವ ನಾಲಗೆಗಳಿಗೆ ನಾವು ಏನೆನ್ನಬೇಕು? ಈ ಪೀಠದಿಂದ ಕಠಿಣ ಮಾತು ಬೇಡವೆಂದು ಬಿಟ್ಟಿದ್ದೇವೆ.

ಎರಡನೆಯ ಆಕ್ಷೇಪಣೆ, ಮಠದಲ್ಲಿ ಕೂಸುಗಳ ಹೇಸಿಗೆ ಬಳಿಯುವುದು ಸರಿಯೇ ಎಂಬುದು. ಇದನ್ನು ಕೇಳಿದವರು ಕೊರಳಲ್ಲಿ ಲಿಂಗ ಕಟ್ಟಿಕೊಂಡವರೇ ಆದದ್ದು ಆಶ್ಚರ್ಯ. ಪಂಚಸೂತಕಗಳನ್ನು ಅಲ್ಲಗಳೆದ ಧರ್ಮ ನಮ್ಮದು. ಹುಟ್ಟಿನ ಸೂತಕ, ಸಾವಿನ ಸೂತಕ, ರಜಸ್ಸಿನ ಸೂತಕ, ಎಂಜಲ ಸೂತಕ, ಜಾತಿಯ ಸೂತಕ, ಇವಾವುವೂ ಲಿಂಗವಂತನಿಗಿಲ್ಲವೆಂದ ಮೇಲೆ ಎರಡು ವರುಷದ ಕೂಸಿನ ಉಚ್ಚೆಯೊಂದು ಎಲ್ಲಿಂದ ಸೂತಕವಾಗಿ ಬಂದಿತು? ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳನ್ನೇ ನೋಡಿರಿ. ಕೊಟ್ಟಣದ ಸೋಮಮ್ಮ, ಭತ್ತ ಕುಟ್ಟುವವಳು. ಕದಿರ ರೆಮ್ಮವ್ವೆ, ನೂಲುವವಳು. ಸತ್ಯಕ್ಕನದು ಅಂಗಳ ಗುಡಿಸುವ ಕಾಯಕವೆಂದು ಹೇಳುತ್ತಾರೆ. ಸೂಳೆ ಸಂಕವ್ವೆಯನ್ನೂ ಆ ಶರಣಸಂಕುಲವು ಹೊರಗಿಡಲಿಲ್ಲ, ಆಕೆಯ ವಚನವನ್ನೂ ಉಳಿಸಿಕೊಂಡಿತು. ದುಡಿಯುವ ಹೆಣ್ಣಿಗೆ ಅನುಭವಮಂಟಪದಲ್ಲಿ ಜಾಗವಿತ್ತೆಂದು ಉತ್ಸವದಲ್ಲಿ ಭಾಷಣ ಮಾಡಿ, ಮಠದ ಹಿತ್ತಿಲಲ್ಲಿ ಆಕೆಯ ಕೂಸಿಗೆ ಜಾಗವಿಲ್ಲವೆನ್ನುವುದು ಯಾವ ಬಗೆಯ ಶರಣಧರ್ಮ?

ಸಂಕವ್ವೆಯ ಹೆಸರು ಬಂದುದರಿಂದ ಇನ್ನೊಂದು ಮಾತು. ದೇವದಾಸಿ ಬಿಡುವ ಅನಿಷ್ಟವನ್ನು ನಮ್ಮ ರಾಜ್ಯವು 1982 ರ ಕಾಯ್ದೆಯಿಂದ ನಿಷೇಧಿಸಿತು. ನಮ್ಮ ಜಿಲ್ಲೆಯಲ್ಲಿ ಆ ಕಷ್ಟವನ್ನು ಉಂಡ ತಾಯಂದಿರು ಇಂದಿಗೂ ಇದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಶಾಲೆಗೆ ಹೋದಾಗ ತಂದೆಯ ಹೆಸರೇನೆಂಬ ಪ್ರಶ್ನೆಯ ಮುಂದೆ ತಲೆ ತಗ್ಗಿಸಿದ್ದಾರೆ. ನಾವು ಕೇಳುವುದಿಷ್ಟೇ, ಸತ್ಯಕಾಮನು ತಾಯಿಯ ಹೆಸರು ಹೇಳಿದಾಗ ಗೌತಮನು ಅರ್ಜಿಯನ್ನು ತಿರುಗಿಸಿ ಕೊಟ್ಟನೇ? 2015 ರಲ್ಲಿ ದೇಶದ ಸರ್ವೋಚ್ಚ ನ್ಯಾಯಾಲಯವು, ಮದುವೆಯಾಗದ ತಾಯಿಯು ತಂದೆಯ ಹೆಸರನ್ನು ಹೊರಹಾಕದೆಯೇ ತನ್ನ ಮಗುವಿನ ಪಾಲಕಳಾಗಬಹುದೆಂದು ತೀರ್ಪು ಕೊಟ್ಟಿತು. ಉಪನಿಷತ್ತಿನ ಋಷಿಗೆ ಅಂದೇ ಹೊಳೆದದ್ದು ನಮ್ಮ ಕಚೇರಿಗಳಿಗೆ ಮುಟ್ಟಲು ಇಷ್ಟು ಕಾಲ ಹಿಡಿಯಿತು. ನಮ್ಮ ಕೋಣೆಯ ವಹಿಯಲ್ಲಿ ಕೂಸಿನ ಹೆಸರು, ತಾಯಿಯ ಹೆಸರು, ಊರು, ಇಷ್ಟೇ ಬರೆಯಿಸುತ್ತೇವೆ. ಜಾತಿಯ ಅಂಕಣ ಇರುವುದಿಲ್ಲ.

ಈಗ ಹೆಚ್ಚು ಹೊತ್ತು ಹೇಳಬೇಕಾದ ಒಂದು ಚರಿತ್ರೆಯಿದೆ. ಪಂಡಿತಾ ರಮಾಬಾಯಿಯವರ ಹೆಸರನ್ನು ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ, ಕಾರ್ಕಳದ ಕಡೆಯವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕೆ ಪಂಡಿತರಿಂದ ವಿರೋಧ ಬರಲಾಗಿ ಅವರು ಊರು ಬಿಟ್ಟು ಘಟ್ಟದ ಗಂಗಾಮೂಲದ ಕಾಡಿಗೆ ಹೋಗಿ ನೆಲಸಿದರು. ಅಲ್ಲಿಯೇ 1858 ರಲ್ಲಿ ರಮಾಬಾಯಿ ಹುಟ್ಟಿದರು. ಗಂಗಾಮೂಲವೆಂದರೆ ತುಂಗೆ ಮತ್ತು ಭದ್ರೆ ಹುಟ್ಟುವ ಜಾಗ. ಆ ನೀರೇ ಮುನಿರಾಬಾದಿನ ಅಣೆಕಟ್ಟಿನಲ್ಲಿ ನಿಂತು ನಮ್ಮ ಗಂಗಾವತಿಯ ಗದ್ದೆಗಳಿಗೆ ಹರಿಯುವುದು. ತಾಯಿ ಲಕ್ಷ್ಮೀಬಾಯಿಯೇ ಮಗಳಿಗೆ ಸಂಸ್ಕೃತ ಕಲಿಸಿದರು. 1870 ರ ದಶಕದ ಬರದಲ್ಲಿ ತಂದೆ ತಾಯಿ ಇಬ್ಬರೂ ತೀರಿಕೊಂಡರು. ಅಣ್ಣನೊಡನೆ ಪುರಾಣ ಹೇಳುತ್ತ ದೇಶ ಸುತ್ತಿ 1878 ರಲ್ಲಿ ಕಲಕತ್ತೆಗೆ ಹೋದಾಗ ಅಲ್ಲಿಯ ವಿದ್ವಾಂಸರು ಪರೀಕ್ಷಿಸಿ ಪಂಡಿತಾ, ಸರಸ್ವತೀ ಎಂಬ ಬಿರುದು ಕೊಟ್ಟರು. 1880 ರಲ್ಲಿ ಮದುವೆ. 1881 ರಲ್ಲಿ ಮಗಳು ಮನೋರಮಾ. 1882 ರ ಫೆಬ್ರುವರಿಯಲ್ಲಿ ಗಂಡನು ತೀರಿಹೋದನು. ಆಗ ರಮಾಬಾಯಿಗೆ ಇಪ್ಪತ್ತಮೂರು, ಮಗುವಿಗೆ ವರುಷ ತುಂಬಿರಲಿಲ್ಲ.

ಆ ತಾಯಿ ಮೂಲೆ ಹಿಡಿಯಲಿಲ್ಲ. ಪುಣೆಗೆ ಬಂದು ಇಂಗ್ಲಿಷ್ ಕಲಿಯತೊಡಗಿದರು, ಆರ್ಯ ಮಹಿಳಾ ಸಮಾಜ ಕಟ್ಟಿದರು, ಅದೇ ವರುಷ ಹಂಟರ್ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಶಿಕ್ಷಕಿಯರೂ ವೈದ್ಯೆಯರೂ ಬೇಕೆಂದು ಸಾಕ್ಷಿ ಹೇಳಿದರು. 1883 ರಲ್ಲಿ ಎರಡು ವರುಷದ ಮಗುವನ್ನು ಕಟ್ಟಿಕೊಂಡು ವೈದ್ಯಕೀಯ ಓದಬೇಕೆಂದು ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾದ್ದರಿಂದ ವೈದ್ಯಕೀಯ ಕೂಡಲಿಲ್ಲ. ಚೆಲ್ಟನಮ್ ಎಂಬ ಊರಿನ ಮಹಿಳಾ ಕಾಲೇಜಿನಲ್ಲಿ ತಾವು ಓದುತ್ತ, ಅಲ್ಲಿಯೇ ಸಂಸ್ಕೃತ ಕಲಿಸುತ್ತ ಇದ್ದರು. ಮಗುವನ್ನು ವಾಂಟೇಜ್ ಎಂಬ ಊರಿನ ಕ್ರೈಸ್ತ ಆಶ್ರಮದ ಸೋದರಿಯರು ನೋಡಿಕೊಂಡರು. ಆ ಹೊತ್ತಿಗೆ ರಮಾಬಾಯಿ ಕ್ರೈಸ್ತಮತವನ್ನು ಸ್ವೀಕರಿಸಿದ್ದರು. ಅದನ್ನು ನಾವು ಮುಚ್ಚಿಡುವುದಿಲ್ಲ. ಅವರ ದಾರಿ ಬೇರೆ, ನಮ್ಮ ದಾರಿ ಬೇರೆ. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಸಂಸ್ಕೃತದ ಅಂಥ ಪಂಡಿತೆ, ಬಗಲ ಕೂಸನ್ನು ಹಿಡಿದು, ಓದುವಷ್ಟು ದಿನ ಇದನ್ನು ನೋಡಿಕೊಳ್ಳಿರೆಂದು ಕೇಳಿದ್ದರೆ ಅಂದಿನ ನಮ್ಮ ನಾಡಿನ ಎಷ್ಟು ಮಠಗಳು ಬಾಗಿಲು ತೆರೆಯುತ್ತಿದ್ದವು?

ಆ ಚರಿತ್ರೆಯಲ್ಲಿ ಎಲ್ಲವೂ ಸಿಹಿಯಲ್ಲ. ಮಗುವಿಗೆ ಯಾವ ಸಂಸ್ಕಾರ ಕೊಡಬೇಕು, ಯಾವ ಉಪದೇಶ ಮಾಡಬೇಕು ಎಂಬ ವಿಷಯದಲ್ಲಿ ತಾಯಿಗೂ ಸೋದರಿಯರಿಗೂ ಜಗ್ಗಾಟ ನಡೆಯಿತು, ಕಟುವಾದ ಪತ್ರಗಳು ಹೋಗಿ ಬಂದವು. ಅವರು ಪ್ರೀತಿಯಿಂದಲೇ ನೋಡಿಕೊಂಡರು. ಆದರೆ ಕೂಸನ್ನು ನೋಡಿಕೊಳ್ಳುವವರಿಗೆ ಮೆಲ್ಲಗೆ ಒಂದು ಅಧಿಕಾರದ ರುಚಿ ಹತ್ತುತ್ತದೆ. ನಾವು ಉಣ್ಣಿಸಿದೆವು, ನಾವು ಮಲಗಿಸಿದೆವು, ಇನ್ನು ಈ ಕೂಸು ಹೇಗೆ ಬೆಳೆಯಬೇಕೆಂದು ನಾವೇ ಹೇಳುತ್ತೇವೆ ಎಂಬ ಭಾವ. ಅತ್ತೆಯ ಮನೆಯಲ್ಲಿಯೂ ಇದೇ, ತವರಿನಲ್ಲಿಯೂ ಇದೇ, ಮಠದಲ್ಲಿಯೂ ಇದು ಬರಬಹುದು. ಅದಕ್ಕಾಗಿ ಮೊದಲೇ ಹೇಳಿಬಿಡುತ್ತೇವೆ. ಮಠದ ಕೋಣೆಯಲ್ಲಿ ಹಗಲು ಕಳೆದ ಮಾತ್ರಕ್ಕೆ ಕೂಸು ಮಠದ್ದಾಗುವುದಿಲ್ಲ. ತಾಯಿ ತಾನಾಗಿ ಬಂದು ಕೇಳಿದ ಹೊರತು ಲಿಂಗದೀಕ್ಷೆಯ ಮಾತನ್ನು ಯಾರೂ ಎತ್ತಕೂಡದು. ಮುಸಲ್ಮಾನರ ಕೂಸು ಬಂದರೆ ಅದಕ್ಕೆ ವಿಭೂತಿ ಹಚ್ಚುವ ಉತ್ಸಾಹ ಯಾರಿಗೂ ಬೇಡ.

ರಮಾಬಾಯಿ 1889 ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಆ ಮಗಳು ಮನೋರಮಾ ದೊಡ್ಡವಳಾಗಿ ತಾಯಿಯ ಕೆಲಸಕ್ಕೆ ಹೆಗಲು ಕೊಟ್ಟಳು. 1912 ರಲ್ಲಿ, ಅಂದು ನಿಜಾಮರ ರಾಜ್ಯದಲ್ಲಿದ್ದ ನಮ್ಮ ಕಲಬುರ್ಗಿಯಲ್ಲಿ ಶಾಲೆ ತೆರೆದಾಗ ಅದನ್ನು ನಡೆಯಿಸಿದವಳು ಆಕೆಯೇ. ಯಾವ ಕೂಸು ತಾಯಿಯ ಓದಿನಿಂದ ಕೆಟ್ಟುಹೋಗುವುದೆಂದು ಅಂದಿನ ಜನ ಹೇಳಿರಬಹುದೋ ಆ ಕೂಸು ಬಂದು ನಮ್ಮ ಈ ಹಿಂದುಳಿದ ಸೀಮೆಯ ಹೆಣ್ಣುಮಕ್ಕಳಿಗೆ ಅಕ್ಷರ ಹೇಳಿತು. ಬೆಂಗಳೂರಿನ ಆರ್. ಕಲ್ಯಾಣಮ್ಮನವರನ್ನೂ ಇಲ್ಲಿ ನೆನೆಯಬೇಕು. ಬಾಲವಿಧವೆ, ಸ್ವಂತ ಕೂಸಿಲ್ಲ. 1921 ರಲ್ಲಿ 'ಸರಸ್ವತಿ' ಪತ್ರಿಕೆ ತೆಗೆದರು, 1938 ರಲ್ಲಿ ಮಕ್ಕಳ ಕೂಟ ಕಟ್ಟಿ ಮಂದಿಯ ಮಕ್ಕಳನ್ನೆಲ್ಲ ತಮ್ಮವೆಂದುಕೊಂಡರು.

ಇನ್ನು ವ್ಯವಹಾರದ ಮಾತು. ತಾಯಂದಿರು ಕಿವಿಗೊಡಬೇಕು. ಗಂಡನು ತೀರಿಕೊಂಡವಳಿಗೆ ತಿಂಗಳಿಗೆ 800 ರೂಪಾಯಿ ವಿಧವಾ ವೇತನವುಂಟು. ಬಡತನದ ರೇಖೆಯ ಕೆಳಗಿನ ಮನೆಯಲ್ಲಿ ದುಡಿಯುವ ಮನುಷ್ಯ ಅರವತ್ತರೊಳಗೆ ಸತ್ತರೆ ರಾಷ್ಟ್ರೀಯ ಕುಟುಂಬ ಸಹಾಯದಿಂದ ಒಂದೇ ಸಲಕ್ಕೆ 20,000 ರೂಪಾಯಿ ಬರುತ್ತದೆ. ದುಃಖದಲ್ಲಿ ಅರ್ಜಿ ಹಾಕುವುದನ್ನೇ ಮರೆಯುತ್ತಾರೆ. ಗೃಹಲಕ್ಷ್ಮಿಯ 2000 ಬೇರೆ. ಹೊಲದ ವಿಷಯ ಮುಖ್ಯ. 1956 ರ ಉತ್ತರಾಧಿಕಾರ ಕಾಯ್ದೆಯಂತೆ ಗಂಡನ ಪಾಲಿನಲ್ಲಿ ಹೆಂಡತಿಗೂ ಮಕ್ಕಳಿಗೂ ಅವನ ತಾಯಿಗೂ ಸಮಭಾಗವಿದೆ. ಭಾವ ಮೈದುನರು ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಮೊದಲು ತಲಾಠಿಯ ಬಳಿಗೆ ಹೋಗಿ ವಾರಸಾ ಮಾಡಿಸಿಕೊಳ್ಳಿರಿ. ಪಹಣಿಯಲ್ಲಿ ಹೆಸರಿದ್ದವಳ ಮಾತಿಗೆ ಮನೆಯಲ್ಲಿ ತೂಕವೇ ಬೇರೆ. ಓದು ಬಿಟ್ಟವರು ಹತ್ತನೆಯದನ್ನು ಮನೆಯಲ್ಲಿ ಕುಳಿತು ಖಾಸಗಿಯಾಗಿ ಕಟ್ಟಬಹುದು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯವು 1996 ರಿಂದ ನಡೆದಿದೆ, ಅಂಚೆಯಲ್ಲಿಯೇ ಪದವಿ ಓದಬಹುದು. ಪಿ.ಯು.ಸಿ. ಆದವರು ಊರಿನ ಅಂಗನವಾಡಿ ಕಾರ್ಯಕರ್ತೆಯ ಹುದ್ದೆ ಖಾಲಿಯಾದಾಗ ಅರ್ಜಿ ಹಾಕಿರಿ, ವಿಧವೆಯರಿಗೆ ಅಲ್ಲಿ ಹೆಚ್ಚಿನ ಅಂಕಗಳ ಅನುಕೂಲವಿದೆ. 2023 ರಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿಗೆ ದುಡ್ಡಿಲ್ಲ. ಅದನ್ನು ಬರೀ ಹುಲಿಗಿಯ ಹುಣ್ಣಿಮೆಗೆ ಹೋಗಲಿಕ್ಕೆ ಉಪಯೋಗಿಸಬೇಡಿರಿ ಎಂದು ನಾವು ಹೇಳಿದರೆ ನಗುತ್ತೀರಿ. ಹುಲಿಗಿಗೂ ಹೋಗಿರಿ, ಕಾಲೇಜಿಗೂ ಹೋಗಿರಿ.

ಎಲ್ಲರೂ ನಾಳೆಯೇ ಹೊರಡಬೇಕೆಂದು ನಾವು ಹೇಳುವುದಿಲ್ಲ. ಕೂಸಿಗೆ ಆರು ತಿಂಗಳಾಗದಿದ್ದರೆ, ಕೂಸು ರೋಗಿಷ್ಠವಾಗಿದ್ದರೆ, ಒಂದು ವರುಷ ತಡೆಯುವುದೇ ಜಾಣತನ. ತಡೆದ ವರುಷ ಹಾಳಲ್ಲ, ಪುಸ್ತಕವನ್ನು ಮಾತ್ರ ಅಟ್ಟಕ್ಕೆ ಹಾಕಬಾರದು. ಮತ್ತೆ, ಕೂಸನ್ನು ಒಮ್ಮೆಲೇ ಬಿಟ್ಟು ಹೋಗುವುದು ಸರಿಯಲ್ಲ. ಎಂಟು ಒಂಬತ್ತು ತಿಂಗಳ ಕೂಸು ತಾಯಿಯ ಮುಖ ಗುರುತು ಹಿಡಿದು ಬೇರೆಯವರನ್ನು ಕಂಡು ಅಳುತ್ತದೆ, ಅದು ಬುದ್ಧಿ ಬೆಳೆದ ಲಕ್ಷಣ. ಮೊದಲ ನಾಲ್ಕು ದಿನ ತಾಯಿಯೂ ಕೋಣೆಯಲ್ಲಿ ಕುಳಿತಿರಲಿ. ಆಮೇಲೆ ಒಂದು ತಾಸು ಬಿಡಲಿ, ಆಮೇಲೆ ಅರ್ಧ ದಿನ. ಕಣ್ಣು ತಪ್ಪಿಸಿ ಓಡಿಹೋಗಬಾರದು, ಹೋಗಿ ಬರುತ್ತೇನೆಂದು ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಬರಬೇಕು. ತಾಯಿಯ ಹಳೆಯ ಸೀರೆಯಿಂದ ಹೊಲಿದ ಕೌದಿಯೊಂದನ್ನು ಜೊತೆಗೆ ಕಳಿಸಿರಿ. ಆ ವಾಸನೆಯಲ್ಲಿ ಕೂಸು ನಿದ್ದೆ ಹೋಗುತ್ತದೆ. ಇದನ್ನು ಯಾವ ಶಾಸ್ತ್ರದಲ್ಲಿಯೂ ನಾವು ಓದಲಿಲ್ಲ, ಮಠದ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಹಿರಿಯ ತಾಯಿ ಹೇಳಿದ್ದು. ಆಕೆಯನ್ನೇ ಕೋಣೆಗೆ ಮುಖ್ಯಳನ್ನಾಗಿ ಮಾಡಿದ್ದೇವೆ.

ಕೋಣೆಯ ವಿವರ ಹೇಳಿ ಮುಗಿಸುತ್ತೇವೆ. ಸದ್ಯಕ್ಕೆ ಇಪ್ಪತ್ತು ಕೂಸುಗಳಿಗೆ ಜಾಗ, ನೋಡಿಕೊಳ್ಳಲು ನಾಲ್ವರು. ಅವರಿಗೆ ಸಂಬಳ ಕೊಡುತ್ತೇವೆ, ಸೇವೆಯೆಂದು ಹೇಳಿ ಪುಕ್ಕಟೆ ದುಡಿಸುವುದಿಲ್ಲ. ಬೆಳಿಗ್ಗೆ ಏಳಕ್ಕೆ ಬಾಗಿಲು, ಸಂಜೆ ಕೊನೆಯ ಬಸ್ಸಿನ ತಾಯಿ ಬಂದ ಮೇಲೆ ಮುಚ್ಚುವುದು. ನಾಟಿಗೆ ಹೋಗುವವಳ ಕೂಸಿಗೂ ಕಾಲೇಜಿಗೆ ಹೋಗುವವಳ ಕೂಸಿಗೂ ಒಂದೇ ತಟ್ಟೆ, ಒಂದೇ ಹಾಲು. ಭಕ್ತರು ಈ ವರುಷ ಅಡ್ಡಪಲ್ಲಕ್ಕಿಗೆ ಹೊಸ ಬೆಳ್ಳಿಯ ಕುಸುರಿ ಮಾಡಿಸಬೇಕೆಂದು ಹಣ ಕೂಡಿಸಿದ್ದೀರಿ. ಹಳೆಯ ಪಲ್ಲಕ್ಕಿ ಇನ್ನೂ ಗಟ್ಟಿಯಾಗಿದೆ, ಅದನ್ನೇ ಹೊರೋಣ. ಆ ಹಣದಿಂದ ನೀರಿನ ತೊಟ್ಟಿ, ಕೂಸುಗಳಿಗೆ ತಕ್ಕ ಸಣ್ಣ ಶೌಚಾಲಯ, ಬಾವಿಗೆ ಜಾಲರಿ ಮಾಡಿಸಲು ಅಪ್ಪಣೆ ಕೊಟ್ಟಿದ್ದೇವೆ. ಒಪ್ಪಿಗೆಯಿಲ್ಲದವರು ತಮ್ಮ ಹಣವನ್ನು ಮರಳಿ ಪಡೆಯಬಹುದು, ನಮಗೆ ಬೇಸರವಿಲ್ಲ. ಮನೆಯ ಅಟ್ಟದ ಮೇಲೆ ತೊಟ್ಟಿಲು ಖಾಲಿ ಬಿದ್ದಿದ್ದರೆ ಕೋಠಿಯವರ ಬಳಿ ಹೆಸರು ಬರೆಯಿಸಿರಿ, ಮಠದ ಟ್ರ್ಯಾಕ್ಟರು ಬಂದು ತರುತ್ತದೆ. ಹಾಲಿಗೆ ವರ್ತನೆ ಹಚ್ಚುವವರೂ ಅಲ್ಲಿಯೇ ಹೇಳಿರಿ.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆಯುತ್ತೇವೆ. ಪೂಜೆ, ಭಾಷಣ ಏನೂ ಇಲ್ಲ, ಕೂಸುಗಳು ಹೆದರುತ್ತವೆ. ಕುಷ್ಟಗಿಯ ಆ ಹೆಣ್ಣುಮಗಳಿಗೆ ಹೇಳಿಕಳಿಸಿದ್ದೇವೆ. ಈಗ ಮಂಗಲಾರತಿಯಾಗಲಿ.